ಡೌನ್‌ಲೋಡ್ ಆಯಿತು, ಮುಂದೇನು?

ಮೊಬೈಲಿಗೆ ಒಗ್ಗಿಹೋದವರು ಹೊಸ ಕಂಪ್ಯೂಟರಿನ ಮುಂದೆ ಕುಳಿತಾಗ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಡೌನ್‌ಲೋಡ್ ಮಾಡಿದೆ, ಆದರೆ ತಂತ್ರಾಂಶ ಎಲ್ಲೂ ಕಾಣುತ್ತಿಲ್ಲ.’ ಇದರಲ್ಲಿ ಅವರ ತಪ್ಪೇನೂ ಇಲ್ಲ. ಮೊಬೈಲಿನಲ್ಲಿ ‘ಇನ್‌ಸ್ಟಾಲ್’ ಎಂಬ ಒಂದೇ ಬಟನ್ ನಾಲ್ಕು ಕೆಲಸಗಳನ್ನು ಸದ್ದಿಲ್ಲದೆ ಮುಗಿಸುತ್ತದೆ. ಫೈಲನ್ನು ತರುತ್ತದೆ, ಅದು ಅಸಲಿಯೇ ಎಂದು ನೋಡುತ್ತದೆ, ಬಿಚ್ಚುತ್ತದೆ, ಸರಿಯಾದ ಜಾಗದಲ್ಲಿಟ್ಟು ಪರದೆಯ ಮೇಲೆ ಚಿಹ್ನೆಯನ್ನೂ ಮೂಡಿಸುತ್ತದೆ. ಕಂಪ್ಯೂಟರಿನಲ್ಲಿ ಈ ನಾಲ್ಕೂ ಬಿಡಿಬಿಡಿಯಾಗಿ ನಡೆಯುತ್ತವೆ. ಅದರಲ್ಲೂ ಎರಡನೆಯ ಕೆಲಸ, ಅಂದರೆ ಅಸಲಿ ನಕಲಿ ನೋಡುವುದು, ಬಹುಪಾಲು ನಿಮ್ಮ ಪಾಲಿಗೇ ಬರುತ್ತದೆ.

ಇನ್‌ಸ್ಟಾಲ್ ಮಾಡುವಾಗ ಒಂದರ ಹಿಂದೊಂದು ತೆರೆದುಕೊಳ್ಳುವ ವಿಂಡೊಗಳನ್ನು ಕಂಡು ಹೊಸಬರು ಹೆದರುತ್ತಾರೆ. ನನ್ನ ಪ್ರಕಾರ ಆ ಹೆದರಿಕೆಯ ಜಾಗ ತಪ್ಪಿದೆ. ಅಲ್ಲಿ ಏನನ್ನಾದರೂ ತಪ್ಪಾಗಿ ಒತ್ತಿದರೂ ಹೆಚ್ಚಿನ ಸಂದರ್ಭಗಳಲ್ಲಿ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿಕೊಳ್ಳಬಹುದು. ಕೆಡುವಂಥದ್ದು ಏನಿದ್ದರೂ ಸಾಮಾನ್ಯವಾಗಿ ಅದಕ್ಕೂ ಮೊದಲೇ, ಡೌನ್‌ಲೋಡ್ ಪುಟದಲ್ಲಿಯೇ ಕೆಟ್ಟಿರುತ್ತದೆ. ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅಲ್ಲಿ.

ಮೊದಲು ಬಂದ ಫೈಲ್ ಏನು ಎಂಬುದನ್ನು ತಿಳಿದುಕೊಳ್ಳೋಣ. ನೀವು ಇಳಿಸಿಕೊಂಡದ್ದು ಸಾಮಾನ್ಯವಾಗಿ ನಿಮಗೆ ಬೇಕಾದ ತಂತ್ರಾಂಶವಲ್ಲ, ಅದನ್ನು ಸ್ಥಾಪಿಸಿಕೊಡುವ ಇನ್ನೊಂದು ಪುಟ್ಟ ತಂತ್ರಾಂಶ. ಅದಕ್ಕೆ ಇನ್‌ಸ್ಟಾಲರ್ ಎಂದು ಹೆಸರು. ಅದನ್ನು ಓಡಿಸಿದಾಗ ತನ್ನೊಳಗಿನ ನೂರಾರು ಫೈಲುಗಳನ್ನು ಬಿಚ್ಚಿ ವಿಂಡೋಸ್‌ನಲ್ಲಾದರೆ ಸಾಮಾನ್ಯವಾಗಿ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿ ಇಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಸೇರಿಸುತ್ತದೆ. ಯಾವ ಬಗೆಯ ಫೈಲುಗಳನ್ನು ಈ ತಂತ್ರಾಂಶದಿಂದ ತೆರೆಯಬಹುದು, ಮುಂದೆ ಇದನ್ನು ತೆಗೆಯಬೇಕಾದರೆ ಏನು ಮಾಡಬೇಕು ಎಂಬುದನ್ನೆಲ್ಲ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಇಷ್ಟಾದ ಮೇಲೆ ಇನ್‌ಸ್ಟಾಲರಿನ ಕೆಲಸ ಮುಗಿಯಿತು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದಿರುವ ಆ ಫೈಲನ್ನು ಅಳಿಸಿದರೆ ತಂತ್ರಾಂಶಕ್ಕೆ ಏನೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಹಳೆಯ ಇನ್‌ಸ್ಟಾಲರುಗಳನ್ನು ಗುಡ್ಡೆ ಹಾಕಿಕೊಂಡವರು ಬಹಳ ಮಂದಿ.

ಕೆಲವು ಇನ್‌ಸ್ಟಾಲರುಗಳು ಬಹಳ ಚಿಕ್ಕದಾಗಿ, ಕೆಲವೇ ಎಂಬಿಯಷ್ಟು ಇರುತ್ತವೆ. ‘ಇಷ್ಟು ದೊಡ್ಡ ತಂತ್ರಾಂಶ ಇಷ್ಟು ಚಿಕ್ಕ ಫೈಲಿನಲ್ಲಿ ಹೇಗೆ?’ ಎಂದು ಅನುಮಾನ ಬೇಡ. ಅವು ಓಡತೊಡಗಿದ ಮೇಲೆ ಉಳಿದದ್ದನ್ನು ಅಂತರಜಾಲದಿಂದ ತರಿಸಿಕೊಳ್ಳುತ್ತವೆ, ಆದ್ದರಿಂದ ಇನ್‌ಸ್ಟಾಲ್ ಮುಗಿಯುವವರೆಗೂ ಸಂಪರ್ಕ ಇರಬೇಕು. ಕ್ರೋಮ್ ಬ್ರೌಸರಿನ ಇನ್‌ಸ್ಟಾಲರ್ ಇಂಥದ್ದು.

ಹೊಸ ಯಂತ್ರವಾದರೆ ಬೇರೇನನ್ನೂ ಹಾಕುವ ಮೊದಲು ವಿಂಡೋಸ್ ಅಪ್‌ಡೇಟ್ ಓಡಿಸಿ, ಅದು ಕೇಳಿದಷ್ಟು ಸಲ ರೀಸ್ಟಾರ್ಟ್ ಮಾಡಿ. ಕಾರ್ಖಾನೆಯಲ್ಲಿ ವಿಂಡೋಸ್ ತುಂಬಿದ ದಿನಕ್ಕೂ ನೀವು ಪೆಟ್ಟಿಗೆ ತೆರೆದ ದಿನಕ್ಕೂ ನಡುವೆ ತಿಂಗಳುಗಳೇ ಕಳೆದಿರಬಹುದು. ಹೊಸ ಯಂತ್ರದಲ್ಲಿ ಪ್ರಾಯೋಗಿಕ ಅವಧಿಯ ಆಂಟಿವೈರಸ್ ಒಂದು ಮೊದಲೇ ಬಂದು ಕುಳಿತಿರುವುದೂ ಉಂಟು. ಅದಕ್ಕೆ ಹಣ ಕಟ್ಟಲೇಬೇಕೆಂದಿಲ್ಲ. ಅದನ್ನು ತೆಗೆದರೆ ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ. ಇನ್ನೊಂದು ಸಂಗತಿ: ಕೆಲವು ಲ್ಯಾಪ್‌ಟಾಪ್‌ಗಳು ‘ಎಸ್ ಮೋಡ್’ನಲ್ಲಿ ಬರುತ್ತವೆ. ಅವುಗಳಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ತಂತ್ರಾಂಶಗಳನ್ನಷ್ಟೇ ಹಾಕಬಹುದು. ಸೆಟ್ಟಿಂಗ್ಸ್ ಮೂಲಕ ಇದರಿಂದ ಹೊರಬರಲು ಖರ್ಚಿಲ್ಲ, ಆದರೆ ಒಮ್ಮೆ ಹೊರಬಂದರೆ ಮರಳಿ ಹೋಗುವಂತಿಲ್ಲ.

ಎಲ್ಲಿಂದ ತರುವುದು

ಬೇಕಾದದ್ದು ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೋ ಮ್ಯಾಕ್‌ನ ಆ್ಯಪ್ ಸ್ಟೋರ್‌ನಲ್ಲೋ ಇದ್ದರೆ ಅಲ್ಲಿಂದಲೇ ಹಾಕಿಕೊಳ್ಳಿ. ತಯಾರಕರ ಹೆಸರನ್ನು ಒಮ್ಮೆ ನೋಡಿದರೆ ಸಾಕು, ಈ ಲೇಖನದ ಅರ್ಧಕ್ಕರ್ಧ ನಿಮಗೆ ಬೇಕಾಗುವುದಿಲ್ಲ. ಅಲ್ಲಿ ಸಿಗದಿದ್ದರೆ ತಯಾರಕರ ಸ್ವಂತ ಜಾಲತಾಣಕ್ಕೆ ಹೋಗಬೇಕು. ಸಮಸ್ಯೆ ಹುಟ್ಟುವುದು ಆ ಜಾಲತಾಣ ಯಾವುದೆಂದು ಕಂಡುಹಿಡಿಯುವಲ್ಲಿ.

ವಿಡಿಯೊ ನೋಡಲು ವಿಎಲ್‌ಸಿ ಬೇಕೆಂದುಕೊಳ್ಳಿ. ಹುಡುಕು ಯಂತ್ರದಲ್ಲಿ ‘ವಿಎಲ್‌ಸಿ ಡೌನ್‌ಲೋಡ್’ ಎಂದು ಬರೆದಾಗ ಮೇಲ್ತುದಿಯಲ್ಲಿ ಬರುವುದು ಅಸಲಿ ತಾಣವೇ ಆಗಿರಬೇಕೆಂದಿಲ್ಲ. ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಸ್ಪಾನ್ಸರ್ಡ್’ ಎಂದು ಬರೆದಿರುತ್ತದೆ. ಹೆಸರಾಂತ ಉಚಿತ ತಂತ್ರಾಂಶಗಳ ವೇಷ ತೊಟ್ಟ ಜಾಹೀರಾತುಗಳ ಮೂಲಕ ಕುತಂತ್ರಾಂಶ ಹಂಚುವುದು ಹಳೆಯ ದಂಧೆ. ವಿಎಲ್‌ಸಿಯನ್ನು ರೂಪಿಸುವುದು ವಿಡಿಯೊಲ್ಯಾನ್ ಎಂಬ ಸಂಸ್ಥೆ. ಅದರ ವಿಳಾಸ ವಿಡಿಯೊಲ್ಯಾನ್ ಡಾಟ್ ಆರ್ಗ್. ತಂತ್ರಾಂಶದ ಹೆಸರೇ ವಿಳಾಸವಾಗಿರಬೇಕು ಎಂದು ಊಹಿಸಿ ಹೊರಟವರು ಇಲ್ಲಿ ದಾರಿ ತಪ್ಪುತ್ತಾರೆ. ಅಸಲಿ ವಿಳಾಸ ಯಾವುದೆಂದು ಗೊತ್ತಿಲ್ಲದಿದ್ದಾಗ ವಿಕಿಪೀಡಿಯದಲ್ಲಿ ಆ ತಂತ್ರಾಂಶದ ಲೇಖನ ತೆರೆಯಿರಿ. ಬಲಬದಿಯ ಮಾಹಿತಿ ಚೌಕದಲ್ಲಿ ಅಧಿಕೃತ ಜಾಲತಾಣದ ಕೊಂಡಿ ಇರುತ್ತದೆ. ಅಲ್ಲಿಂದ ಹೋಗುವುದು ಜಾಹೀರಾತಿನ ಬೆನ್ನು ಹತ್ತುವುದಕ್ಕಿಂತ ಎಷ್ಟೋ ವಾಸಿ.

ನೂರಾರು ತಂತ್ರಾಂಶಗಳನ್ನು ಒಂದೇ ಕಡೆ ಕಲೆಹಾಕಿಟ್ಟ ಡೌನ್‌ಲೋಡ್ ತಾಣಗಳೂ ಇವೆ. ಅಲ್ಲಿನ ಪುಟ ತೆರೆದರೆ ಹಸಿರು ಬಣ್ಣದ ಮೂರು ನಾಲ್ಕು ಡೌನ್‌ಲೋಡ್ ಬಟನ್‌ಗಳು ಕಾಣುತ್ತವೆ. ಅವುಗಳಲ್ಲಿ ನಿಜವಾದದ್ದು ಒಂದೇ, ಅದೂ ಬಹುಶಃ ಎಲ್ಲಕ್ಕಿಂತ ಚಿಕ್ಕದು. ಉಳಿದವೆಲ್ಲ ಜಾಹೀರಾತು. ಸೋರ್ಸ್‌ಫೋರ್ಜ್ ಒಂದು ಕಾಲಕ್ಕೆ ಮುಕ್ತ ತಂತ್ರಾಂಶಗಳ ದೊಡ್ಡ ನೆಲೆಯಾಗಿತ್ತು. ಇಂಥದೇ ದಾರಿತಪ್ಪಿಸುವ ಬಟನ್‌ಗಳು ಮತ್ತು ಬೇರೆ ಕೊಡುಗೆಗಳನ್ನು ಅಂಟಿಸಿದ ಇನ್‌ಸ್ಟಾಲರ್ ಕಾರಣಕ್ಕೆ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶದವರು ತಮ್ಮ ವಿಂಡೋಸ್ ಆವೃತ್ತಿಯನ್ನು 2013ರಲ್ಲಿ ಅಲ್ಲಿಂದ ಹೊರಗೆ ಸಾಗಿಸಿದರು. ಹೆಸರುವಾಸಿ ತಾಣದ ಕಥೆಯೇ ಹೀಗಾದಾಗ ಹೆಸರಿಲ್ಲದವುಗಳ ಬಗ್ಗೆ ಹೇಳುವುದೇ ಬೇಡ.

ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದ್ದರೆ ತಾಣ ನಂಬಿಕಸ್ಥವೆಂದು ಬಹಳ ಮಂದಿ ತಿಳಿದಿದ್ದಾರೆ. ನಿಮಗೂ ತಾಣಕ್ಕೂ ನಡುವೆ ಹರಿಯುವ ಮಾಹಿತಿಯನ್ನು ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಮೋಸಗಾರನ ತಾಣಕ್ಕೂ ಬೀಗ ಸಿಗುತ್ತದೆ. ಈ ತಪ್ಪು ತಿಳಿವಳಿಕೆ ಎಷ್ಟು ವ್ಯಾಪಕವಾಗಿತ್ತೆಂದರೆ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಚಿಹ್ನೆಯನ್ನೇ ತೆಗೆದು ಬೇರೊಂದನ್ನು ಹಾಕಿತು.

ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ‘ಕ್ರ್ಯಾಕ್’ ಆವೃತ್ತಿಗಳ, ಅಂದರೆ ಹಣ ಕೊಡದೆ ಬಳಸಲು ಕಳ್ಳದಾರಿಯಲ್ಲಿ ಬದಲಿಸಿದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಎಲ್ಲಿ ಕಂಡರೂ ಆ ಪುಟ ಮುಚ್ಚಿ.

ಡೌನ್‌ಲೋಡ್ ಪುಟ ನಿಮ್ಮ ಯಂತ್ರವನ್ನು ತಾನೇ ಗುರುತಿಸಿ ಸರಿಯಾದ ಫೈಲ್ ಕೊಡುವುದು ಈಗ ಸಾಮಾನ್ಯ. ಕೆಲವೊಮ್ಮೆ ಮಾತ್ರ, ಯಂತ್ರದ ಪ್ರೊಸೆಸರ್ ಯಾವ ಬಗೆಯದು ಎಂಬುದಕ್ಕೆ ತಕ್ಕಂತೆ, ಆಯ್ಕೆ ನಿಮ್ಮದಾಗುತ್ತದೆ: 32 ಬಿಟ್, 64 ಬಿಟ್, ಆರ್ಮ್. ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ, ಆದ್ದರಿಂದ ಹೊಸ ಯಂತ್ರಕ್ಕೆ 32 ಬಿಟ್ ಆವೃತ್ತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಉಳಿದ ವಿವರ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ‘ಅಬೌಟ್’ ಎಂಬಲ್ಲಿ ಸಿಗುತ್ತದೆ. ಇಂಟೆಲ್ ಪ್ರೊಸೆಸರ್ ಇರುವವರನ್ನು ಕಾಡುವ ವಿಚಿತ್ರವೊಂದಿದೆ: ಫೈಲಿನ ಹೆಸರಿನಲ್ಲಿ ‘ಎಎಂಡಿ64’ ಎಂದಿರುತ್ತದೆ. ಅದು ನಿಮಗೂ ಸೇರಿದ್ದೇ. ಈಗಿನ 64 ಬಿಟ್ ವ್ಯವಸ್ಥೆಯನ್ನು ಮೊದಲು ರೂಪಿಸಿದ್ದು ಎಎಂಡಿ ಕಂಪನಿ, ಆಮೇಲೆ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಹೆಸರು ಮಾತ್ರ ಹಾಗೆಯೇ ಉಳಿದುಬಿಟ್ಟಿತು. ಮ್ಯಾಕ್‌ನಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. 2020ರ ಕೊನೆಯಿಂದ ಆ್ಯಪಲ್ ತನ್ನದೇ ಚಿಪ್ ಬಳಸತೊಡಗಿದ್ದರಿಂದ ‘ಇಂಟೆಲ್’ ಮತ್ತು ‘ಆ್ಯಪಲ್ ಸಿಲಿಕಾನ್’ ಎಂಬ ಎರಡು ಆಯ್ಕೆಗಳಿರುತ್ತವೆ.

ಫೈಲನ್ನು ತೆರೆಯುವ ಮೊದಲು

ವಿಂಡೋಸ್ ಫೈಲುಗಳ ಹೆಸರಿನ ಬಾಲವನ್ನು, ಅಂದರೆ ಚುಕ್ಕೆಯ ನಂತರದ ಅಕ್ಷರಗಳನ್ನು, ಅಡಗಿಸಿಟ್ಟಿರುತ್ತದೆ. ನೋಡಲು ಅಚ್ಚುಕಟ್ಟು ಎಂಬುದು ಅದರ ಸಮರ್ಥನೆ. ನನಗಂತೂ ಇದು ಬಲು ಕೆಟ್ಟ ತೀರ್ಮಾನವೆಂದೇ ಅನಿಸುತ್ತದೆ. ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಫೈಲೊಂದು ಬಂತೆನ್ನಿ. ಕೊನೆಯ ಬಾಲ ಅಡಗಿರುವುದರಿಂದ ನಿಮಗೆ ಕಾಣುವುದು ‘ಬಿಲ್ ಡಾಟ್ ಪಿಡಿಎಫ್’ ಮಾತ್ರ. ಅದಕ್ಕೆ ಪಿಡಿಎಫ್‌ನ ಚಿಹ್ನೆಯನ್ನೇ ಅಂಟಿಸಿದ್ದರಂತೂ ಕೇಳುವುದೇ ಬೇಡ. ಓದುವ ಕಾಗದವೆಂದುಕೊಂಡು ಎರಡು ಸಲ ಕ್ಲಿಕ್ಕಿಸಿದರೆ ಓಡುವುದು ಒಂದು ತಂತ್ರಾಂಶ. ಹೊಸ ಯಂತ್ರದಲ್ಲಿ ನೀವು ಬದಲಿಸಬೇಕಾದ ಮೊದಲ ಸೆಟ್ಟಿಂಗ್ ಇದು: ಫೈಲ್ ಎಕ್ಸ್‌ಪ್ಲೋರರ್ ತೆರೆದು ‘ವ್ಯೂ’, ಅದರೊಳಗೆ ‘ಶೋ’, ಅದರೊಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಟಿಕ್ ಹಾಕಿ.

ಬಾಲ ಕಾಣತೊಡಗಿದ ಮೇಲೆ ಫೈಲಿನ ಜಾತಕ ತಿಳಿಯುತ್ತದೆ. ಇಎಕ್ಸ್‌ಇ ಮತ್ತು ಎಂಎಸ್‌ಐ ಎಂದಿದ್ದರೆ ವಿಂಡೋಸ್‌ನಲ್ಲಿ ಓಡುವ ಇನ್‌ಸ್ಟಾಲರುಗಳು. ಡಿಎಂಜಿ ಮತ್ತು ಪಿಕೆಜಿ ಮ್ಯಾಕ್‌ನವು. ಡೆಬ್ ಎಂದಿದ್ದರೆ ಡೆಬಿಯನ್, ಉಬುಂಟು ಬಗೆಯ ಲಿನಕ್ಸ್‌ಗೆ. ‘ಸಿಆರ್‌ಡೌನ್‌ಲೋಡ್’ ಅಥವಾ ‘ಪಾರ್ಟ್’ ಎಂದಿದ್ದರೆ ಕ್ರೋಮ್ ಇಲ್ಲವೇ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಡೌನ್‌ಲೋಡ್ ಇನ್ನೂ ಮುಗಿದಿಲ್ಲ ಎಂದರ್ಥ. ಅದನ್ನು ಒತ್ತಿ ಪ್ರಯೋಜನವಿಲ್ಲ.

ಜಿಪ್ ಎಂದಿದ್ದರೆ ಸ್ವಲ್ಪ ನಿಲ್ಲಿ. ಹೊಸಬರು ಸಿಕ್ಕಿಬೀಳುವ ಜಾಗ ಇದು. ಜಿಪ್ ಎಂದರೆ ಹಲವು ಫೈಲುಗಳನ್ನು ಒತ್ತಿ ಒಂದಾಗಿಸಿದ್ದು. ಆದರೆ ವಿಂಡೋಸ್‌ನಲ್ಲಿ ಎರಡು ಸಲ ಕ್ಲಿಕ್ಕಿಸಿದರೆ ಅದು ಮಾಮೂಲಿ ಫೋಲ್ಡರಿನಂತೆಯೇ ತೆರೆದುಕೊಳ್ಳುತ್ತದೆ. ಒಳಗೆ ‘ಸೆಟಪ್’ ಎಂಬ ಫೈಲ್ ಕಾಣುತ್ತದೆ, ಒತ್ತುತ್ತೀರಿ, ‘ಇಂಥ ಫೈಲ್ ಸಿಗುತ್ತಿಲ್ಲ’ ಎಂಬ ದೂರು ಬರುತ್ತದೆ. ಆಗಿರುವುದಿಷ್ಟೇ: ವಿಂಡೋಸ್ ಆ ಒಂದು ಫೈಲನ್ನು ಮಾತ್ರ ತಾತ್ಕಾಲಿಕ ಜಾಗಕ್ಕೆ ಬಿಚ್ಚಿ ಓಡಿಸಿದೆ, ಅದಕ್ಕೆ ಬೇಕಾದ ಜೊತೆಗಾರ ಫೈಲುಗಳು ಜಿಪ್‌ನೊಳಗೇ ಉಳಿದಿವೆ. ಜಿಪ್ ಫೈಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಎಕ್ಸ್‌ಟ್ರ್ಯಾಕ್ಟ್ ಆಲ್’ ಆರಿಸಿದರೆ ಪಕ್ಕದಲ್ಲಿ ನಿಜವಾದ ಫೋಲ್ಡರ್ ಹುಟ್ಟುತ್ತದೆ. ಸೆಟಪ್ ಅನ್ನು ಅಲ್ಲಿಂದ ಓಡಿಸಿ. ಸೆಟಪ್ಪೇ ಇಲ್ಲದೆ ನೇರವಾಗಿ ತಂತ್ರಾಂಶವೇ ಸಿಕ್ಕರೆ ಅದು ‘ಪೋರ್ಟಬಲ್’ ಬಗೆಯದು. ಅದಕ್ಕೆ ಇನ್‌ಸ್ಟಾಲ್ ಎಂಬುದೇ ಇಲ್ಲ, ಫೋಲ್ಡರನ್ನು ಭದ್ರವಾದ ಕಡೆ ಇಟ್ಟುಕೊಂಡರೆ ಆಯಿತು.

ಎರಡು ಎಚ್ಚರಿಕೆಗಳು

ಇನ್‌ಸ್ಟಾಲರನ್ನು ಒತ್ತಿದ ಮೇಲೆ ವಿಂಡೋಸ್ ಎರಡು ಬಗೆಯಲ್ಲಿ ಅಡ್ಡ ಬರಬಹುದು. ಎರಡೂ ಒಂದೇ ಎಂದು ತಿಳಿದು ಕಣ್ಣುಮುಚ್ಚಿ ಒತ್ತುವವರೇ ಹೆಚ್ಚು. ಅವು ಕೇಳುವ ಪ್ರಶ್ನೆಗಳು ಬೇರೆ ಬೇರೆ.

ಮೊದಲನೆಯದು ನೀಲಿ ಬಣ್ಣದ ದೊಡ್ಡ ವಿಂಡೊ: ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’. ಇದು ಸ್ಮಾರ್ಟ್‌ಸ್ಕ್ರೀನ್‌ನ ಕೆಲಸ. ಅಂತರಜಾಲದಿಂದ ಬಂದ ಫೈಲಿಗೆ ಬ್ರೌಸರ್ ‘ಇದು ಹೊರಗಿನದು’ ಎಂಬ ಕಣ್ಣಿಗೆ ಕಾಣದ ಗುರುತೊಂದನ್ನು ಅಂಟಿಸಿರುತ್ತದೆ. ಆ ಗುರುತಿರುವ ಫೈಲನ್ನು ತೆರೆಯಹೋದಾಗ ವಿಂಡೋಸ್ ಅದರ ಪೂರ್ವಾಪರ ವಿಚಾರಿಸುತ್ತದೆ. ಇದನ್ನು ಎಷ್ಟೋ ಜನ ಇಳಿಸಿಕೊಂಡಿದ್ದಾರೆಯೇ, ತಯಾರಕರು ಪರಿಚಿತರೇ? ಹೌದಾದರೆ ಸುಮ್ಮನೆ ಬಿಡುತ್ತದೆ. ಇಲ್ಲವಾದರೆ ತಡೆಯುತ್ತದೆ. ಅಂದರೆ ಈ ವಿಂಡೊ ‘ಇದರಲ್ಲಿ ವೈರಸ್ ಇದೆ’ ಎಂದು ಹೇಳುತ್ತಿರಬೇಕೆಂದಿಲ್ಲ, ‘ಇದು ನನಗೆ ಗೊತ್ತಿಲ್ಲ’ ಎನ್ನುತ್ತಿರಬಹುದು. ಒಬ್ಬಿಬ್ಬರು ಸೇರಿ ರೂಪಿಸಿದ, ಬಳಕೆದಾರರು ಕಡಿಮೆಯಿರುವ ಒಳ್ಳೆಯ ತಂತ್ರಾಂಶಕ್ಕೂ ಇದೇ ಗತಿ. ‘ಮೋರ್ ಇನ್ಫೊ’ ಒತ್ತಿದರೆ ತಯಾರಕರ ಹೆಸರೂ ‘ರನ್ ಎನಿವೇ’ ಎಂಬ ಬಟನ್ನೂ ಕಾಣುತ್ತವೆ. ಅಸಲಿ ತಾಣದಿಂದಲೇ ತಂದದ್ದು ಎಂಬ ಖಾತ್ರಿ ಇದ್ದರೆ ಮಾತ್ರ ಅದನ್ನು ಒತ್ತಬೇಕು. ವಿಎಲ್‌ಸಿಯಂಥ ಮನೆಮಾತಾದ ತಂತ್ರಾಂಶಕ್ಕೆ ಈ ಎಚ್ಚರಿಕೆ ಬಂದರಂತೂ ತಡೆದು ನಿಲ್ಲಿ. ಕೋಟ್ಯಂತರ ಜನ ಬಳಸುವ ಫೈಲ್ ವಿಂಡೋಸ್‌ಗೆ ಅಪರಿಚಿತವಾಗಿದೆ ಎಂದರೆ ನಿಮ್ಮ ಕೈಗೆ ಬಂದದ್ದು ಬೇರೆಯೇ ಇರಬಹುದು.

ಎರಡನೆಯದು ಪರದೆಯನ್ನೆಲ್ಲ ಮಂಕಾಗಿಸಿ ನಡುವೆ ಮೂಡುವ ಪ್ರಶ್ನೆ: ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಬಿಡಬಹುದೇ? ವಿಂಡೋಸ್ ವಿಸ್ಟಾದ ಕಾಲದಿಂದ ಇರುವ ಇದಕ್ಕೆ ಯೂಸರ್ ಅಕೌಂಟ್ ಕಂಟ್ರೋಲ್ ಎಂದು ಹೆಸರು. ಪರದೆ ಮಂಕಾಗುವುದು ಅಲಂಕಾರಕ್ಕಲ್ಲ. ಆ ಹೊತ್ತಿನಲ್ಲಿ ಉಳಿದ ತಂತ್ರಾಂಶಗಳು ನಿಮ್ಮ ಪರವಾಗಿ ‘ಯೆಸ್’ ಒತ್ತಿಬಿಡದಂತೆ ಆ ಪ್ರಶ್ನೆಯನ್ನು ಪ್ರತ್ಯೇಕವಾದ ಪರದೆಯಲ್ಲಿ ಇಟ್ಟಿರುತ್ತಾರೆ. ಇಲ್ಲಿ ವಿಂಡೋಸ್ ಕೇಳುತ್ತಿರುವುದು ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನು. ಅದು ಸಿಕ್ಕಿತೆಂದರೆ ಆ ತಂತ್ರಾಂಶ ಯಂತ್ರದ ಬಹುತೇಕ ಎಲ್ಲ ಕಡೆಗೂ ಕೈಹಾಕಬಹುದು. ‘ವೆರಿಫೈಡ್ ಪಬ್ಲಿಷರ್’ ಎಂಬ ಸಾಲಿನಲ್ಲಿ ತಯಾರಕರ ಹೆಸರಿದ್ದು ಮೇಲಿನ ಪಟ್ಟಿ ನೀಲಿಯಾಗಿದ್ದರೆ ಫೈಲಿಗೆ ಡಿಜಿಟಲ್ ಸಹಿ ಇದೆ. ಪಟ್ಟಿ ಹಳದಿಯಾಗಿದ್ದು ‘ಅನ್‌ನೋನ್’ ಎಂದಿದ್ದರೆ ಸಹಿ ಇಲ್ಲ. ನೀವು ಏನನ್ನೂ ಓಡಿಸದೆ ಸುಮ್ಮನಿದ್ದಾಗ ಈ ಪ್ರಶ್ನೆ ತಾನಾಗಿ ಎದ್ದು, ಅದರಲ್ಲಿರುವ ಹೆಸರೂ ನಿಮಗೆ ಗೊತ್ತಿಲ್ಲದ್ದಾದರೆ ಉತ್ತರ ಒಂದೇ, ‘ನೋ’.

ಡಿಜಿಟಲ್ ಸಹಿ ಎಂಬುದು ಲಕೋಟೆಯ ಮೇಲಿನ ಅರಗಿನ ಮುದ್ರೆಯಿದ್ದಂತೆ. ಯಾರು ಮುಚ್ಚಿದರು, ಆಮೇಲೆ ದಾರಿಯಲ್ಲಿ ಯಾರೂ ಒಡೆದಿಲ್ಲವೇ ಎಂಬುದನ್ನು ಅದು ಹೇಳುತ್ತದೆ. ಒಳಗಿನ ಪತ್ರದಲ್ಲಿ ಏನಿದೆ ಎಂಬುದನ್ನು ಹೇಳುವುದಿಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ ತಯಾರಿಕಾ ವ್ಯವಸ್ಥೆಗೇ ದಾಳಿಕೋರರು ನುಗ್ಗಿದ್ದರು. ಅದರ 5.33 ಆವೃತ್ತಿ ಕುತಂತ್ರಾಂಶ ಹೊತ್ತು, ಅಸಲಿ ಸಹಿಯೊಂದಿಗೆ, ಅಸಲಿ ತಾಣದಿಂದಲೇ ಸುಮಾರು ಒಂದು ತಿಂಗಳು ಹಂಚಿಕೆಯಾಯಿತು. ಇಂಥದ್ದಕ್ಕೆ ಬಳಕೆದಾರರು ಹೆಚ್ಚೇನೂ ಮಾಡಲಾಗದು. ಬೇಕಿಲ್ಲದ ತಂತ್ರಾಂಶಗಳನ್ನು ಹಾಕಿಕೊಳ್ಳದಿರುವುದೊಂದೇ ಕೈಯಲ್ಲಿರುವ ದಾರಿ.

ಕೆಲವು ತಾಣಗಳು ಡೌನ್‌ಲೋಡ್ ಕೊಂಡಿಯ ಕೆಳಗೆ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದನ್ನು ಕೊಟ್ಟಿರುತ್ತವೆ. ಅದು ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥದ್ದು, 64 ಅಕ್ಷರಗಳದು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಆದೇಶಗಳನ್ನು ಬರೆದು ಕೆಲಸ ಮಾಡಿಸುವ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆದೇಶದಿಂದ ನಿಮ್ಮ ಫೈಲಿನ ಹ್ಯಾಶ್ ಪಡೆದು ಹೋಲಿಸಬಹುದು. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶದ ಒಂದು ಡೌನ್‌ಲೋಡ್ ಸರ್ವರಿನಲ್ಲಿ ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕುತಂತ್ರಾಂಶವಿರುವ ಫೈಲ್ ಬಂದು ಕೂತಿತ್ತು. ತಾಣದಲ್ಲಿದ್ದ ಹ್ಯಾಶ್ ಜೊತೆ ಹೋಲಿಸಿ ನೋಡಿದವರಿಗೆ ಅದು ಗೊತ್ತಾಗುವಂತಿತ್ತು. ಫೈಲೂ ಹ್ಯಾಶೂ ಒಂದೇ ಕಡೆ ಇದ್ದು ಆ ಜಾಗವೇ ದಾಳಿಕೋರರ ಕೈವಶವಾದರೆ ಈ ಉಪಾಯ ಕೆಲಸಕ್ಕೆ ಬಾರದು. ದಿನಬಳಕೆಯ ತಂತ್ರಾಂಶಗಳಿಗೆ ನೀವು ಇದನ್ನು ಮಾಡದಿದ್ದರೂ ನಾನೇನೂ ಅನ್ನುವುದಿಲ್ಲ. ಆದರೆ ಆಪರೇಟಿಂಗ್ ಸಿಸ್ಟಮ್ಮನ್ನೇ ಇಳಿಸಿಕೊಂಡಾಗ, ಪಾಸ್‌ವರ್ಡ್ ಕಾಪಾಡುವ ತಂತ್ರಾಂಶ ಹಾಕುವಾಗ ಎರಡು ನಿಮಿಷ ಖರ್ಚು ಮಾಡಿ.

ಇನ್ನು ಇನ್‌ಸ್ಟಾಲರಿನ ಪುಟಗಳು. ಪರವಾನಗಿ ಪತ್ರ ಬರುತ್ತದೆ, ಒಪ್ಪದೆ ಮುಂದೆ ಹೋಗುವಂತಿಲ್ಲ. ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಅದೇ ಸೂಚಿಸಿದ ಜಾಗ ಸಾಕು. ‘ನನಗೆ ಮಾತ್ರ’ ಅಥವಾ ‘ಎಲ್ಲ ಬಳಕೆದಾರರಿಗೆ’ ಎಂದು ಕೇಳಿದರೆ, ಮೊದಲನೆಯದು ನಿಮ್ಮ ಖಾತೆಯೊಳಗೇ ಉಳಿಯುತ್ತದೆ, ಅಡ್ಮಿನಿಸ್ಟ್ರೇಟರ್ ಅನುಮತಿಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕಣ್ಣಿಟ್ಟು ನೋಡಬೇಕಾದದ್ದು ಮೊದಲೇ ಟಿಕ್ ಆಗಿರುವ ಚೌಕಗಳನ್ನು. ‘ಇದರ ಜೊತೆ ಇನ್ನೊಂದನ್ನೂ ಹಾಕು’, ‘ಬ್ರೌಸರಿನ ಮುಖಪುಟ ಬದಲಿಸು’, ‘ಕಂಪ್ಯೂಟರ್ ಶುರುವಾದಾಗಲೆಲ್ಲ ತೆರೆದುಕೋ’ ಎಂಬಂಥವು ಅಲ್ಲಿರುತ್ತವೆ. ‘ಎಕ್ಸ್‌ಪ್ರೆಸ್’ ಮತ್ತು ‘ಕಸ್ಟಮ್’ ಎಂಬ ಎರಡು ದಾರಿಗಳಿದ್ದರೆ ಕಸ್ಟಮ್ ಆರಿಸಿ, ಅಡಗಿಸಿಟ್ಟ ಚೌಕಗಳು ಸಾಮಾನ್ಯವಾಗಿ ಅಲ್ಲೇ ಕಾಣಿಸುವುದು.

ಮ್ಯಾಕ್‌ನಲ್ಲಿ ದಾರಿ ಚಿಕ್ಕದು, ಆದರೆ ಅಲ್ಲಿಯೂ ಎಡವಿ ಬೀಳುವ ಹಳ್ಳವೊಂದಿದೆ. ಡಿಎಂಜಿ ಫೈಲನ್ನು ತೆರೆದಾಗ ಅದು ಬೇರೊಂದು ಡಿಸ್ಕ್ ಸೇರಿಸಿದಂತೆ ತೆರೆದುಕೊಳ್ಳುತ್ತದೆ. ಒಳಗೆ ತಂತ್ರಾಂಶದ ಚಿಹ್ನೆ, ಪಕ್ಕದಲ್ಲಿ ‘ಅಪ್ಲಿಕೇಶನ್ಸ್’ ಫೋಲ್ಡರಿನ ಚಿಹ್ನೆ. ಮೊದಲನೆಯದನ್ನು ಎಳೆದು ಎರಡನೆಯದರ ಮೇಲೆ ಬಿಟ್ಟರೆ ಇನ್‌ಸ್ಟಾಲ್ ಮುಗಿಯಿತು. ಹಾಗೆ ಎಳೆಯದೆ ಅಲ್ಲಿಂದಲೇ ತೆರೆದು ಬಳಸುವವರಿದ್ದಾರೆ. ರೀಸ್ಟಾರ್ಟ್ ಮಾಡಿದ ಮೇಲೆ ಆ ಡಿಸ್ಕ್ ಇರುವುದಿಲ್ಲ, ತಂತ್ರಾಂಶ ಮಾಯವಾಯಿತೆಂದು ಹುಡುಕುತ್ತಾರೆ. ಎಳೆದು ಹಾಕಿದ ಮೇಲೆ ಡಿಸ್ಕನ್ನು ‘ಇಜೆಕ್ಟ್’ ಮಾಡಿ ಡಿಎಂಜಿ ಅಳಿಸಬಹುದು. ಮ್ಯಾಕ್‌ನ ಕಾವಲುಗಾರನ ಹೆಸರು ಗೇಟ್‌ಕೀಪರ್. 2019ರ ಕ್ಯಾಟಲಿನಾ ಆವೃತ್ತಿಯಿಂದ, ಆ್ಯಪಲ್ ಪರಿಶೀಲನೆಗೆ ಒಳಗಾಗದ ತಂತ್ರಾಂಶಗಳನ್ನು ಅದು ತಡೆಯುತ್ತದೆ. 2024ರ ಸಿಕೋಯಾದಿಂದೀಚೆಗೆ ಆ ತಡೆಯನ್ನು ದಾಟಬೇಕಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗಕ್ಕೇ ಹೋಗಿ ಅನುಮತಿ ಕೊಡಬೇಕು. ಲಿನಕ್ಸ್ ಬಳಸುವವರು ಜಾಲತಾಣಗಳಲ್ಲಿ ಹುಡುಕುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು. ಬೇಕಾದದ್ದೆಲ್ಲ ಬಹುಮಟ್ಟಿಗೆ ಆ ವ್ಯವಸ್ಥೆಯದೇ ಭಂಡಾರದಲ್ಲಿ ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ತಂತ್ರಾಂಶ ತೆರೆಯುವುದಿಲ್ಲ. ‘ಎಂಎಸ್‌ವಿಸಿಪಿ140 ಡಾಟ್ ಡಿಎಲ್‌ಎಲ್ ಸಿಗುತ್ತಿಲ್ಲ’ ಎಂಬ ಸಂದೇಶ ಹೊಸ ಯಂತ್ರಗಳಲ್ಲಿ ಬರುವುದುಂಟು. ಆ ಹೆಸರನ್ನು ಹುಡುಕಿದರೆ ಡಿಎಲ್‌ಎಲ್ ಫೈಲನ್ನು ಬಿಡಿಯಾಗಿ ಕೊಡುವ ತಾಣಗಳು ಸಾಲುಗಟ್ಟಿ ನಿಲ್ಲುತ್ತವೆ. ಅತ್ತ ಸುಳಿಯಬೇಡಿ. ಆ ಫೈಲ್ ಮೈಕ್ರೋಸಾಫ್ಟ್‌ನ ‘ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಎಂಬ ಉಚಿತ ಕಟ್ಟಿಗೆ ಸೇರಿದ್ದು, ಮೈಕ್ರೋಸಾಫ್ಟ್ ತಾಣದಿಂದ ಅದನ್ನು ಹಾಕಿದರೆ ಸರಿಹೋಗುತ್ತದೆ. ‘ಬೇರೊಂದು ಇನ್‌ಸ್ಟಾಲೇಶನ್ ನಡೆಯುತ್ತಿದೆ’ ಎಂದು ಬಂದರೆ ಸ್ವಲ್ಪ ಕಾಯಿರಿ: ಎಂಎಸ್‌ಐ ಬಗೆಯ ಇನ್‌ಸ್ಟಾಲರುಗಳು ಒಂದು ಸಲಕ್ಕೆ ಒಂದೇ ಓಡಬಲ್ಲವು, ಹಿನ್ನೆಲೆಯಲ್ಲಿ ಇನ್ನೊಂದು ನಡೆದಿರುತ್ತದೆ. ಕಾದರೂ ಸರಿಹೋಗದಿದ್ದರೆ ರೀಸ್ಟಾರ್ಟ್ ಮಾಡಿ.

ತಂತ್ರಾಂಶ ಬೇಡವೆನಿಸಿದಾಗ ಡೆಸ್ಕ್‌ಟಾಪಿನ ಚಿಹ್ನೆಯನ್ನು ಅಳಿಸಿದರೆ ಹೋಗುವುದು ಚಿಹ್ನೆ ಮಾತ್ರ. ಪ್ರೋಗ್ರಾಂ ಫೈಲ್ಸ್‌ಗೆ ನುಗ್ಗಿ ಫೋಲ್ಡರನ್ನೇ ಅಳಿಸುವುದೂ ಸರಿಯಲ್ಲ. ರಿಜಿಸ್ಟ್ರಿಯಲ್ಲಿ ಬರೆದಿಟ್ಟದ್ದೆಲ್ಲ ಅನಾಥವಾಗಿ ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’, ಅದರೊಳಗೆ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ತೆರೆದು ಅಲ್ಲಿಂದ ‘ಅನ್‌ಇನ್‌ಸ್ಟಾಲ್’ ಮಾಡಿದರೆ ಹಾಕಿದ ಇನ್‌ಸ್ಟಾಲರೇ ಬಿಟ್ಟುಹೋದ ಟಿಪ್ಪಣಿಯಂತೆ ಎಲ್ಲವನ್ನೂ ಹಿಂದಕ್ಕೆ ಎತ್ತಿಕೊಳ್ಳುತ್ತದೆ. ನಡುವೆ ‘ನಿಮ್ಮ ಸೆಟ್ಟಿಂಗ್‌ಗಳನ್ನು ಉಳಿಸಬೇಕೇ?’ ಎಂದು ಕೇಳಬಹುದು. ಕೆಟ್ಟುಹೋದ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವ ಉದ್ದೇಶವಿದ್ದು, ಕೆಟ್ಟಿರುವುದು ಆ ಸೆಟ್ಟಿಂಗ್‌ಗಳೇ ಎಂಬ ಗುಮಾನಿ ಇದ್ದರೆ ಅವನ್ನೂ ಅಳಿಸಿ, ಇಲ್ಲವಾದರೆ ಉಳಿಸಿಕೊಳ್ಳಿ.